ಒಳಗೆ ಏನಿಟ್ಟಿರಿ ಎಂದು ನಾನು ಕೇಳಿರಲಿಲ್ಲ

2011ರ ಸೆಪ್ಟೆಂಬರ್. ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಹಾಳೆಯ ಮೇಲೆ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು. ಕೆಳಗೆ ಜಾರಿದ ಮೂತ್ರಚೀಲ, ಅದರಡಿಯಲ್ಲಿ ಎರಡೂ ಬದಿಗೆ ಬಿಗಿದ ಒಂದು ಬಲೆ. ಅವರು ಅದಕ್ಕೆ ಬಳಸಿದ ಇಂಗ್ಲಿಷ್ ಪದ ಕೇಳಿದಾಗ ನನಗೆ ನೆನಪಾದದ್ದು ಜೋಲಿ. ತಮ್ಮ ಹುಟ್ಟಿದಾಗ ಅಮ್ಮ ತನ್ನ ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ಮಾಡಿದ್ದ ಜೋಲಿ. ಅದು ಬೇಡವಾದ ದಿನ ಗಂಟು ಬಿಚ್ಚಿ, ಒಗೆದು, ಮಡಿಸಿ ಇಡಬಹುದಾಗಿತ್ತು. ಅದೇ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಅದು ಯಾವ ವಸ್ತುವಿನದು, ತೊಂದರೆಯಾದರೆ ತೆಗೆಯಲು ಬರುತ್ತದೆಯೇ, ಅದಿಲ್ಲದೆ ಬೇರೆ ದಾರಿ ಇದೆಯೇ ಎಂದು ನಾನು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಆಗ ನನಗೆ ನಲವತ್ತಾರು. ಎರಡನೆಯ ಮಗುವನ್ನು ಇಕ್ಕಳ ಹಾಕಿ ತೆಗೆದಿದ್ದರು. ಅಂದಿನಿಂದ ಕೆಳಗೆ ಭಾರ. ಸಂಜೆಯ ಹೊತ್ತಿಗೆ ಏನೋ ಹೊರಗೆ ಇಳಿದಂತೆ, ಕೆಮ್ಮಿದರೆ ಬಟ್ಟೆ ಒದ್ದೆ. ಅಮ್ಮನಿಗೂ ಇದೇ ಇತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಾಣಂತನ ಮುಗಿಯುವ ಮೊದಲೇ ಅವಳು ಬಾವಿಯಿಂದ ನೀರು ಸೇದಲು ನಿಂತಿದ್ದಳು. "ಕೆಳಗೆ ಬರ್ತದೆ ಕಣೇ" ಎಂದು ಒಮ್ಮೆ ನನಗೆ ಹೇಳಿದ್ದು ಬಿಟ್ಟರೆ ಮೂವತ್ತು ವರ್ಷ ಯಾರಿಗೂ ಬಾಯಿಬಿಡಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸೊಂಟದಡಿ ದಿಂಬಿಟ್ಟು ಮಲಗುತ್ತಿದ್ದಳು, ಅದೇ ಅವಳ ಚಿಕಿತ್ಸೆ. ನಾನು ಹಾಗೆ ಸಹಿಸಿಕೊಂಡು ಕೂರುವುದಿಲ್ಲ ಎಂದು ತೀರ್ಮಾನಿಸಿಯೇ ಡಾಕ್ಟರ ಬಳಿಗೆ ಹೋಗಿದ್ದೆ.

ಮೊದಲ ವರ್ಷ ಚೆನ್ನಾಗಿತ್ತು. ಭಾರ ಹೋಯಿತು, ನಡಿಗೆ ಹಗುರಾಯಿತು, ಅಮ್ಮನಿಗೆ ಫೋನು ಮಾಡಿ "ನೀನೂ ತೋರಿಸ್ಕೋ" ಎಂದಿದ್ದೆ. ಎರಡನೆಯ ವರ್ಷ ಬಲ ತೊಡೆಸಂದಿಯಲ್ಲಿ ಉರಿ ಶುರುವಾಯಿತು. ಗ್ರಂಥಾಲಯದ ಕೆಲಸದಲ್ಲಿ ಅರ್ಧ ಗಂಟೆ ಕುರ್ಚಿಯಲ್ಲಿ ಕೂತರೆ ಒಳತೊಡೆಗೆ ಸೂಜಿ ಎಳೆದಂತೆ ನೋವು. ಮೂತ್ರದ ಸೋಂಕು ಬಿಟ್ಟು ಬಿಟ್ಟು ಬರತೊಡಗಿತು. ಮುಟ್ಟು ನಿಂತಿದ್ದರೂ ಆಗಾಗ ರಕ್ತದ ಕಲೆ. ಒಂದು ರಾತ್ರಿ ನಮ್ಮನೆಯವರು ತಮಗೇ ಏನೋ ಚುಚ್ಚಿತು ಎಂದರು. ಬಲೆಯ ಅಂಚು ಯೋನಿಯ ತೆಳು ಗೋಡೆಯನ್ನು ಕೊರೆದು ಹೊರಬಂದಿತ್ತು. ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ಬರೆಯುತ್ತಿದ್ದೇನೆ, ಏಕೆಂದರೆ ಎಷ್ಟೋ ಹೆಂಗಸರಿಗೆ ತೊಂದರೆ ಮೊದಲು ಗೊತ್ತಾಗುವುದೇ ಹೀಗೆ, ಹೇಳಲಾಗದೆ ಅವರು ಸುಮ್ಮನಾಗುವುದೂ ಇಲ್ಲೇ.

ಹೊರಬಂದ ಚೂರನ್ನು ಕತ್ತರಿಸಿ ಮನೆಗೆ ಕಳಿಸಿದರು. ಎಂಟು ತಿಂಗಳಿಗೆ ಮತ್ತೊಂದು ಅಂಚು ಬಂತು. ತೊಡೆಯ ನೋವಿಗೆ ಮಾತ್ರ ಕಾರಣ ಸಿಗಲಿಲ್ಲ. ಮುಟ್ಟು ನಿಲ್ಲುವ ಕಾಲದ ಏರುಪೇರು ಎಂದರು ಒಬ್ಬರು, ಬೆನ್ನುಹುರಿಯದು ಎಂದರು ಇನ್ನೊಬ್ಬರು. ಮೂರನೆಯವರು ಮನಸ್ಸಿಗೆ ಮಾತ್ರೆ ಬರೆದುಕೊಟ್ಟರು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಈ ಬಲೆ ಮಾಮೂಲಿ ಸ್ಕ್ಯಾನಿಂಗ್‌ಗೆ ಸರಿಯಾಗಿ ಕಾಣುವುದೇ ಇಲ್ಲ, ಅದಕ್ಕೆಂದೇ ಕೆಳಗಿನಿಂದ ಮಾಡುವ ಬೇರೆ ಬಗೆಯ ಅಲ್ಟ್ರಾಸೌಂಡ್ ಬೇಕು ಎಂದು ಗೊತ್ತಾಗಲು ನನಗೆ ಐದು ವರ್ಷ ಹಿಡಿಯಿತು.

ಆ ಐದು ವರ್ಷದಲ್ಲಿ ಓದಿ ತಿಳಿದದ್ದನ್ನೂ ಹೇಳುತ್ತೇನೆ. ಬಲೆ ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕಿನದು. ಅಕ್ಕಿಯ ಬಿಳಿ ಚೀಲ ನೇಯುವುದೂ ಅದೇ ಜಾತಿಯ ಎಳೆಯಿಂದ, ಆಸ್ಪತ್ರೆಯದರ ದರ್ಜೆ ಬೇರೆ ಅಷ್ಟೆ. ಹರ್ನಿಯಾಕ್ಕೆ ಇದನ್ನು ದಶಕಗಳಿಂದ ಬಳಸುತ್ತಿದ್ದರು. 1990ರ ದಶಕದಲ್ಲಿ ಮೂತ್ರ ಸೋರುವುದಕ್ಕೆ ಸಣ್ಣ ಪಟ್ಟಿಯಾಗಿ ಬಂತು, ಆಮೇಲೆ ಜಾರಿದ ಅಂಗಗಳಿಗೆ ಯೋನಿಯ ಮೂಲಕ ದೊಡ್ಡ ತುಂಡುಗಳನ್ನೇ ಇಡತೊಡಗಿದರು. ಹೊಟ್ಟೆಯ ಗೋಡೆ ದಪ್ಪ. ಯೋನಿಯ ಗೋಡೆ ತೆಳು, ಸದಾ ತೇವ, ರೋಗಾಣುಗಳಿರುವ ಜಾಗ. ಬಲೆಯ ಕಣ್ಣುಗಳೊಳಗೆ ನಮ್ಮ ಮಾಂಸ ಬೆಳೆದು ಹಿಡಿದುಕೊಳ್ಳಲಿ ಎಂದೇ ಅದನ್ನು ಹೆಣೆದಿರುತ್ತಾರೆ. ನಮ್ಮೂರಲ್ಲಿ ಬೇಲಿಗೆ ನೆಟ್ಟ ಹಾಲವಾಣದ ಮರ ತಂತಿಯನ್ನು ನುಂಗಿಬಿಟ್ಟಿರುತ್ತದಲ್ಲ, ಹಾಗೆ. ಆ ತಂತಿ ಬೇಕೆಂದರೆ ಮರವನ್ನೇ ಕೆತ್ತಬೇಕು. ನಾನು ಜೋಲಿ ಎಂದುಕೊಂಡದ್ದು ಈ ತಂತಿಯಾಗಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿದ್ದು ಒಂದು ದಿನಾಂಕ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರ ಅಕ್ಟೋಬರ್‌ನಲ್ಲಿ ಈ ತೊಂದರೆಗಳು ಗಂಭೀರ, ಆದರೆ ಅಪರೂಪ ಎಂದಿತ್ತು. 2011ರ ಜುಲೈನಲ್ಲಿ ಮಾತು ಬದಲಿಸಿ, ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಇಡುವ ಬಲೆಯಿಂದಾಗುವ ಗಂಭೀರ ತೊಂದರೆಗಳು ಅಪರೂಪವಲ್ಲ ಎಂದು ಪ್ರಕಟಿಸಿತು. ಡಾಕ್ಟರು ನನಗೆ ಚಿತ್ರ ಬರೆದು ತೋರಿಸಿದ್ದು ಅದಾಗಿ ಎರಡು ತಿಂಗಳಿಗೆ. ಆ ಒಂದು ವಾಕ್ಯವನ್ನು ಯಾರಾದರೂ ನನ್ನ ಮುಂದೆ ಓದಿದ್ದರೆ ನಾನು ಮನೆಗೆ ಹೋಗಿ ಯೋಚಿಸುತ್ತಿದ್ದೆ.

2018ರಲ್ಲಿ ಆಪರೇಷನ್ನಿನ ಕಾಗದ ಕೊಡಿ ಎಂದು ಆಸ್ಪತ್ರೆಗೆ ಬರೆದೆ. ನನ್ನ ಕೈಯಲ್ಲಿದ್ದ ಡಿಸ್ಚಾರ್ಜ್ ಪತ್ರದಲ್ಲಿ 'ರಿಪೇರಿ' ಎಂಬ ಒಂದೇ ಪದವಿತ್ತು. ಅದನ್ನು ನೋಡಿ "ನಿಮ್ಮೊಳಗೆ ಬಲೆ ಇಷ್ಟು ದೊಡ್ಡದಿರಲಿಕ್ಕಿಲ್ಲ" ಎಂದವರೂ ಇದ್ದರು. ಒಂದು ತಿಂಗಳಲ್ಲಿ ಹನ್ನೊಂದು ಹಾಳೆ ಬಂದವು. ಅದರಲ್ಲಿ ಒಂದರ ಮೂಲೆಗೆ ಬಲೆಯ ಪೊಟ್ಟಣದಿಂದ ಕಿತ್ತು ಅಂಟಿಸಿದ ಸಣ್ಣ ಸ್ಟಿಕ್ಕರ್, ವಸ್ತುವಿನ ಹೆಸರು, ತಯಾರಿಕೆಯ ಸಂಖ್ಯೆ. ಬಲೆಗೆ ನಾಲ್ಕು ತೋಳುಗಳಿದ್ದವು, ಅವು ತೊಡೆಸಂದಿಯ ಮೂಳೆಯ ರಂಧ್ರದ ಮೂಲಕ ಹಾದಿದ್ದವು. ನಾನು ಬೆರಳಿಟ್ಟು ತೋರಿಸುತ್ತಿದ್ದ ಜಾಗವೇ ಅದು. ಆ ಹಾಳೆಯನ್ನು ಮುಂದಿಟ್ಟ ದಿನ ಎದುರಿಗಿದ್ದ ಡಾಕ್ಟರ ದನಿಯೇ ಬೇರೆಯಾಯಿತು. ಅದುವರೆಗೆ ನನ್ನ ಬಾಯಿಮಾತಿಗೆ ಇಲ್ಲದ ಬೆಲೆ ಒಂದು ಸ್ಟಿಕ್ಕರಿಗೆ ಇತ್ತು. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ಅದೇ ವರ್ಷದ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಇಂಥ ಆಪರೇಷನ್‌ಗಳಿಗೆ ತಡೆ ಬಿತ್ತು. ಇದರ ಪರಿಶೀಲನೆಗೆ ಸರ್ಕಾರ ನೇಮಿಸಿದ್ದ ಬ್ಯಾರನೆಸ್ ಜೂಲಿಯಾ ಕಂಬರ್‌ಲೆಜ್ ಅವರ ಸಮಿತಿ ಊರೂರು ತಿರುಗಿ ಹೆಂಗಸರ ಮಾತು ಕೇಳಿ 2020ರ ಜುಲೈನಲ್ಲಿ ವರದಿ ಕೊಟ್ಟಿತು. ಮೂರು ರಾತ್ರಿ ಕೂತು ಓದಿದೆ. ನೋವು ಹೇಳಿಕೊಂಡವರನ್ನು ನಂಬದೆ ಕಳಿಸಿದ ಕಥೆ ಪುಟಪುಟದಲ್ಲೂ ಇತ್ತು. ನಾನು ಒಬ್ಬಳೇ ಹುಚ್ಚಿಯಲ್ಲ ಎಂದು ಅತ್ತೆ. ಸರ್ಕಾರ ಕ್ಷಮೆ ಕೇಳಿತು. 2021ರಿಂದ ಬಲೆ ತೆಗೆಯುವುದಕ್ಕೇ ಮೀಸಲಾದ ಕೇಂದ್ರಗಳು ಶುರುವಾದವು. ಹದಿನಾಲ್ಕು ತಿಂಗಳು ಕಾದು 2022ರಲ್ಲಿ ನಾನೂ ತೆಗೆಸಿದೆ. ಹಾಕಲು ಒಂದು ಗಂಟೆಯೂ ಹಿಡಿದಿರಲಿಲ್ಲ, ತೆಗೆಯಲು ಐದು ಗಂಟೆ. ಚೂರುಚೂರಾಗಿಯೇ ಬಂತು, ಸ್ವಲ್ಪ ಒಳಗೇ ಉಳಿದಿದೆ. ಉರಿ ಮುಕ್ಕಾಲು ಪಾಲು ಹೋಗಿದೆ. ಒಳತೊಡೆ ಜೋಮು ಹಿಡಿದಂತೆಯೇ ಇದೆ. ಜಾರುವುದೂ ಸೋರುವುದೂ ಮರಳಿ ಬಂದಿವೆ.

ಈಗ ಜಾರಿದ್ದನ್ನು ತಡೆಹಿಡಿಯಲು ಯೋನಿಯೊಳಗೆ ಒಂದು ಸಿಲಿಕೋನ್ ಉಂಗುರ ಹಾಕಿಕೊಳ್ಳುತ್ತೇನೆ. ಬೇಡವಾದ ದಿನ ಕೈಯಾರೆ ತೆಗೆದು ತೊಳೆದಿಡುತ್ತೇನೆ. ಮೂತ್ರಚೀಲ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಶ್ರೋಣಿತಳದ ಸ್ನಾಯು ಬಿಗಿಹಿಡಿಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಒಬ್ಬರು ಮೂರು ತಿಂಗಳು ಎದುರು ನಿಂತು ಕಲಿಸಿದರು. ಸೋರುವುದು ಅರ್ಧಕ್ಕಿಳಿದಿದೆ. ಈ ಎರಡೂ 2011ರಲ್ಲೂ ಇದ್ದವು. ನಮ್ಮದೇ ಅಂಗಾಂಶವನ್ನು ಹೊಲಿದು ಸರಿಪಡಿಸುವ ಹಳೆಯ ಆಪರೇಷನ್ ಕೂಡ ಇತ್ತು. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ಲೆಕ್ಕಕ್ಕೆ ಬಲೆ ಹಾಕಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ, ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬಲೆಯಿಂದಲೇ ತೊಂದರೆಯಾಗಿತ್ತು. 2019ರ ಏಪ್ರಿಲ್‌ನಲ್ಲಿ ಅಮೆರಿಕ, ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಇಡುವ ಬಲೆಯ ಮಾರಾಟವನ್ನೇ ನಿಲ್ಲಿಸಿತು.

ಓದಿ ಗಾಬರಿಯಾಗುವವರಿಗೆ ಒಂದು ಮಾತು. ಮೂತ್ರನಾಳದ ಕೆಳಗಿನ ಸಣ್ಣ ಪಟ್ಟಿಯಿಂದ ಸುಖವಾಗಿರುವವರು ಬಹಳ ಮಂದಿ ಇದ್ದಾರೆ, ನನ್ನ ಗೆಳತಿಯೊಬ್ಬಳೇ ಹದಿನೈದು ವರ್ಷದಿಂದ ಇದ್ದಾಳೆ. ಹೊಟ್ಟೆಯ ಕಡೆಯಿಂದ ಬಲೆ ಇಡುವ ಆಪರೇಷನ್ ಬೇರೆ, ಅದರ ತೊಂದರೆಯ ಪ್ರಮಾಣವೂ ಬೇರೆ. ನೋವಿಲ್ಲದವರು ತೆಗೆಸಲು ಓಡಬೇಕಿಲ್ಲ.

ಹೋದ ವರ್ಷ ಶಿವಮೊಗ್ಗಕ್ಕೆ ಬಂದಾಗ ಅತ್ತಿಗೆ ಒಂದು ಪ್ಲಾಸ್ಟಿಕ್ ಕವರು ತಂದು ಕೈಗಿತ್ತರು. "ನಂಗೆ ಏನ್ ಮಾಡಿದಾರೆ ಅಂತ ಸ್ವಲ್ಪ ಓದಿ ಹೇಳೇ" ಎಂದರು. ಆಪರೇಷನ್ ಆಗಿ ಎರಡು ವರ್ಷವಾಗಿತ್ತು. ಗರ್ಭಕೋಶ ತೆಗೆದಿದ್ದರು, ಒಳಗೋಡೆ ಹೊಲಿದಿದ್ದರು, ಬಲೆ ಇರಲಿಲ್ಲ. ಕನ್ನಡದಲ್ಲಿ ವಿವರಿಸಿ ಹೇಳಿದಾಗ ಅವರು ಉಸಿರುಬಿಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ. ಸಹಿ ಹಾಕಿಸಿಕೊಳ್ಳುವ ಮೊದಲು ಹೀಗೆಯೇ ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕಿತ್ತು.

ಅಕ್ಕಂದಿರೇ, ತಂಗಿಯರೇ, ನಿಮಗೂ ಕೆಳಗಿನ ಆಪರೇಷನ್ ಆಗಿದ್ದರೆ ಟ್ರಂಕಿನಲ್ಲಿರುವ ಆ ಕವರನ್ನು ಇವತ್ತೇ ತೆಗೆಯಿರಿ. ಬಲೆಗೆ ಬಳಸುವ ಮೆಶ್, ಟೇಪ್, ಸ್ಲಿಂಗ್ ಎಂಬ ಪದ ಇದೆಯೇ, ಎಲ್ಲಾದರೂ ಸ್ಟಿಕ್ಕರ್ ಅಂಟಿಸಿದೆಯೇ ನೋಡಿ, ಇಂಗ್ಲಿಷ್ ಬಾರದಿದ್ದರೆ ಮಕ್ಕಳಿಂದ ಓದಿಸಿ. ಆಪರೇಷನ್ ನೋಟ್ಸ್ ಇಲ್ಲದಿದ್ದರೆ ಆಸ್ಪತ್ರೆಗೆ ಅರ್ಜಿ ಕೊಡಿ. ಭಾರತದಲ್ಲಿ 2002ರ ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಅದನ್ನು ಇಟ್ಟುಕೊಳ್ಳಲೇಬೇಕಾದ ಅವಧಿ ಮೂರು ವರ್ಷ ಮಾತ್ರ.