ನೋವಿನ ಮಾತ್ರೆಗೂ ಒಂದು ಚೀಟಿ, ಒಂದು ಬಿಲ್ಲು

“ಅಣ್ಣ, ಸೊಂಟನೋವಿಗೆ ಹೋದ ಸಲ ಕೊಟ್ಟಿದ್ರಲ್ಲ, ಅದೇ ಹತ್ತು ಮಾತ್ರೆ ಕೊಡಿ.” ಬೂವನಹಳ್ಳಿ ಸುತ್ತಿನ ಊರುಗಳಿಂದ ಹಾಸನ ಪೇಟೆಗೆ ಬಂದವರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗೆ ಬಂದವರು ಮೆಡಿಕಲ್ ಸ್ಟೋರಿನ ಮುಂದೆ ನಿಂತು ಹೇಳುವ ಮಾತಿದು. ಆಲೂಗೆಡ್ಡೆ ಕೀಳುವ, ಶುಂಠಿ ಅಗೆಯುವ, ತಂಬಾಕಿನ ಬ್ಯಾರನ್ ಮುಂದೆ ರಾತ್ರಿಯಿಡೀ ಬೆಂಕಿ ನೋಡಿಕೊಳ್ಳುವ ಮೈಗೆ ನೋವು ಬರದೆ ಇರುತ್ತದೆಯೇ? ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಕೂಲಿಗೆ ಕತ್ತರಿ. ಹಾಗಾಗಿ ಹೀಗೆ ಕೇಳುವವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ಆ ಹತ್ತು ಮಾತ್ರೆಯಲ್ಲಿ ಇರುವುದು ಬರೀ ಪ್ಯಾರಾಸಿಟಮಾಲೋ, ಅದರ ಜೊತೆಗೆ ಕೊಡೀನ್ ಅಥವಾ ಟ್ರಮಡಾಲ್ ಕೂಡ ಸೇರಿದೆಯೋ ಎಂಬುದರ ಮೇಲೆ ಕಾನೂನು ಪೂರ್ತಿ ಬದಲಾಗುತ್ತದೆ. ಕೊಂಡವರ ಹಕ್ಕೂ ಬದಲಾಗುತ್ತದೆ.

ಕೊಡೀನ್ ಅಫೀಮಿನ ಕುಲದ ಔಷಧ. ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದರಲ್ಲಿ ಒಂದಷ್ಟನ್ನು ಮಾರ್ಫಿನ್ ಆಗಿ ಬದಲಿಸುತ್ತದೆ. ನೋವು ತಗ್ಗುವುದು ಮುಖ್ಯವಾಗಿ ಅದರಿಂದಲೇ. ಈ ಬದಲಾವಣೆಯ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಹುಟ್ಟಿನಿಂದಲೇ ಕೆಲವರಲ್ಲಿ ಅದು ಬಹಳ ವೇಗ. ಅಂಥವರಿಗೆ ಮಾಮೂಲಿ ಪ್ರಮಾಣವೇ ಹೆಚ್ಚಾಗಿ ಉಸಿರಾಟ ಕುಗ್ಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್ ಕೊಡಲೇಬಾರದೆಂದಿತು. ಹಾಲೂಡಿಸುವ ತಾಯಂದಿರೂ ತೆಗೆದುಕೊಳ್ಳಬಾರದೆಂದು ಎಚ್ಚರಿಸಿತು. ಅಜ್ಜಿಗೆ ಬರೆದುಕೊಟ್ಟ ಮಾತ್ರೆಯನ್ನು ಅರ್ಧ ಮುರಿದು ಮೊಮ್ಮಗನಿಗೆ ಕೊಡುವ ರೂಢಿ ಇರುವ ಮನೆಗಳಲ್ಲಿ ಈ ಮಾತು ನೆನಪಿರಬೇಕು. ಹೆಂಡದ ಮೇಲೆ, ನಿದ್ದೆ ಮಾತ್ರೆಯ ಮೇಲೆ ಇದನ್ನು ನುಂಗುವುದು ಪ್ರಾಣಕ್ಕೇ ಅಪಾಯ. ಜೊತೆಗಿರುವ ಪ್ಯಾರಾಸಿಟಮಾಲಿಗೂ ಮಿತಿ ಇದೆ: ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ, ಕುಡಿಯುವವರಿಗೆ ಅದಕ್ಕಿಂತಲೂ ಕಡಿಮೆ. ಜ್ವರಕ್ಕೊಂದು ಮಾತ್ರೆ, ನೋವಿಗೊಂದು ಮಾತ್ರೆ ಎಂದು ಎರಡನ್ನೂ ನುಂಗಿದಾಗ ಎರಡರಲ್ಲೂ ಅದೇ ಪ್ಯಾರಾಸಿಟಮಾಲ್ ಇರುವುದು ಎಷ್ಟೋ ಜನಕ್ಕೆ ತಿಳಿದೇ ಇರುವುದಿಲ್ಲ.

ನಮ್ಮ ಕಡೆ ಕೊಡೀನ್ ಹೆಚ್ಚು ಕೇಳಿಬರುವುದು ಕೆಮ್ಮಿನ ಸಿರಪ್ಪಿನಲ್ಲಿ. ನೋವಿನ ಮಾತ್ರೆಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಸಿಗುವುದು ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಜೋಡಿ. ಕಾನೂನು ಕೊಡೀನ್, ಟ್ರಮಡಾಲ್ ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟಿದೆ. 1945ರ ಔಷಧ ನಿಯಮಗಳಿಗೆ 2013ರಲ್ಲಿ ಸೇರಿಸಿ, 2014ರ ಮಾರ್ಚ್ 1ರಿಂದ ಜಾರಿಗೆ ತಂದ ‘ಶೆಡ್ಯೂಲ್ ಎಚ್1’ ಎಂಬ ಪಟ್ಟಿ ಅದು.

ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿ. ಎಚ್1 ಔಷಧವಾದರೆ ಎಡ ಮೇಲ್ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಆರ್‌ಎಕ್ಸ್ ಗುರುತು ಇರಬೇಕು. ಕೆಂಪು ಗೆರೆಯ ಚೌಕದೊಳಗೆ ಒಂದು ಎಚ್ಚರಿಕೆಯೂ ಇರಬೇಕು: ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಅಪಾಯ, ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ ಎಂಬರ್ಥದ್ದು. ಇದು ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಇರುವುದರಿಂದ ಯಾರಿಗೆ ಹೆಚ್ಚು ಬೇಕೋ ಅವರಿಗೇ ಓದಲಾಗುವುದಿಲ್ಲ. ನನ್ನ ಮಟ್ಟಿಗೆ ಇದು ಸಣ್ಣ ಲೋಪವಲ್ಲ. ಕನ್ನಡದಲ್ಲಿ ಎಚ್ಚರಿಕೆ ಬರುವವರೆಗೆ ಕೆಂಪು ಚೌಕ ಕಂಡರೆ ಚೀಟಿ ಬೇಕೆಂದು ತಿಳಿದುಕೊಳ್ಳಿ, ಮನೆಯ ಹಿರಿಯರಿಗೂ ತೋರಿಸಿಕೊಡಿ.

ಎಚ್1 ಔಷಧ ಮಾರುವ ಅಂಗಡಿ ಅದಕ್ಕಾಗಿಯೇ ಒಂದು ಪ್ರತ್ಯೇಕ ರಿಜಿಸ್ಟರ್ ಇಡಬೇಕು. ಚೀಟಿ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ ಯಾವುದು, ಎಷ್ಟು ಕೊಟ್ಟಿದ್ದು ಎಲ್ಲವನ್ನೂ ಅದರಲ್ಲಿ ಬರೆದು 3 ವರ್ಷ ಕಾಪಾಡಬೇಕು. ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟ್ ಕಣ್ಣೆದುರೇ ಆಗಬೇಕು. ಹೆಸರು ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಕೇಳದೆ, ಬರೆದುಕೊಳ್ಳದೆ ಕೊಟ್ಟರೆ ಅನುಮಾನಪಡಿ.

ಚೀಟಿ ಎಂದರೆ ತುಂಡು ಕಾಗದದ ಮೇಲೆ ಮಾತ್ರೆಯ ಹೆಸರು ಗೀಚಿದ್ದಲ್ಲ. ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು ಮತ್ತು ವಿಳಾಸ, ಒಟ್ಟು ಎಷ್ಟು ಮಾತ್ರೆ, ಯಾವ ಪ್ರಮಾಣದಲ್ಲಿ ಎಂಬುದು ಇರಬೇಕು. ಮತ್ತೆ ಕೊಡಬಹುದೆಂದು ವೈದ್ಯರೇ ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟ ಅಂಗಡಿ ತನ್ನ ಹೆಸರು, ವಿಳಾಸ ಮತ್ತು ತಾರೀಖನ್ನು ಚೀಟಿಯ ಮೇಲೆ ನಮೂದಿಸಬೇಕು. ಬರೆದದ್ದು ಇಲ್ಲವೆಂದು ಅಂಗಡಿಯವರೇ ಬೇರೆ ಮಾತ್ರೆ ಕೊಡುವಂತಿಲ್ಲ, ವೈದ್ಯರನ್ನೇ ಕೇಳಬೇಕು. ವಾಟ್ಸಾಪಿನಲ್ಲಿ ಬಂದ ಚೀಟಿಯ ವಿಚಾರವೂ ಹೇಳಿಬಿಡುತ್ತೇನೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಗಳನ್ನು ಫೋನಿನಲ್ಲೇ ನೋಡಿ ಬರೆಯುವಂತಿಲ್ಲ. ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಆ ಪಟ್ಟಿಗೆ ಸೇರಿದೆ.

ಬಿಲ್ಲು ಕೇಳುವುದಕ್ಕೆ ನಮ್ಮವರಿಗೆ ಸಂಕೋಚ. ನಲವತ್ತು ರೂಪಾಯಿ ಮಾತ್ರೆಗೂ ಬಿಲ್ಲೇ ಎಂದು ಅಂಗಡಿಯವರು ನೋಡುವ ನೋಟಕ್ಕೆ ಹೆದರುತ್ತೇವೆ. ಆದರೆ ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಇರುವ ಬಿಲ್ಲಿಲ್ಲದೆ ಮುಂದೆ ಯಾವ ದೂರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಬಿಡಿ ಮಾತ್ರೆ ಕತ್ತರಿಸಿ ಕೊಡುವಾಗ ಈ ಎರಡೂ ಇರುವ ತುದಿ ಹೆಚ್ಚಾಗಿ ಅಂಗಡಿಯಲ್ಲೇ ಉಳಿಯುತ್ತದೆ; ಕತ್ತರಿಸುವ ಮುಂಚೆ ಪೂರ್ತಿ ಸ್ಟ್ರಿಪ್ ಕೈಗೆ ತೆಗೆದುಕೊಂಡು ನೋಡಿ. ಕೊಂಡ ಔಷಧದ ಮೇಲೆ ಸಂಶಯ ಬಂದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಂ ಅಡಿ ಯಾರು ಬೇಕಾದರೂ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯಬಹುದು.

ಚೀಟಿಯಿಲ್ಲದೆ ಮಾರುವ ಅಂಗಡಿಯ ಮೇಲೆ ದೂರು ಹೋಗಬೇಕಾದದ್ದು ಹಾಸನದ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಬಿಲ್ಲಿನ ಮತ್ತು ಸ್ಟ್ರಿಪ್ಪಿನ ಫೋಟೊ ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ. ಮಾತ್ರೆಯಿಂದ ಮೈಗೆ ತೊಂದರೆಯಾಗಿದ್ದರೆ 1800-180-3024 ಶುಲ್ಕರಹಿತ ಸಂಖ್ಯೆಗೆ ರೋಗಿಯೇ ತಿಳಿಸಬಹುದು. ಪರಿಹಾರ ಕೇಳುವುದಾದರೆ ಜಿಲ್ಲಾ ಗ್ರಾಹಕರ ಆಯೋಗ: 2 ವರ್ಷದೊಳಗೆ ಅರ್ಜಿ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರ ಸಹಾಯ ಬೇಕಾದವರು 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಈ ನೆರವು ಉಚಿತ.

ಹೋದ ವರ್ಷ ಸಿಕ್ಕಿದ್ದು ಈ ವರ್ಷ ನಿಷೇಧವಾಗಿರಬಹುದು. ಕ್ಲೋರ್‌ಫೆನಿರಮಿನ್ ಮತ್ತು ಕೊಡೀನ್ ಸೇರಿದ ಸಿರಪ್ 2023ರ ಜೂನ್‌ನಲ್ಲಿ ನಿಷೇಧವಾದ 14 ಸಂಯುಕ್ತ ಔಷಧಗಳಲ್ಲಿ ಒಂದು. 2024ರ ಆಗಸ್ಟ್‌ನಲ್ಲಿ 156 ಸಂಯುಕ್ತಗಳು ನಿಷೇಧವಾದಾಗ ಪ್ಯಾರಾಸಿಟಮಾಲ್, ಟ್ರಮಡಾಲ್, ಟಾರಿನ್, ಕೆಫೀನ್ ನಾಲ್ಕೂ ಬೆರೆತ ಮಾತ್ರೆಯೂ ಅದರಲ್ಲಿತ್ತು. ಹಳೇ ಚೀಟಿ ಹಿಡಿದು ಹೋಗುವವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಇನ್ನು ಪೊಲೀಸ್ ಕೇಸಿನ ಭಯ. 1985ರ ಮಾದಕ ದ್ರವ್ಯ ಕಾಯ್ದೆಯಲ್ಲಿ ಕೊಡೀನ್ ಇದೆ. ಬೇರೆ ಔಷಧದ ಜೊತೆ ಬೆರೆತು, ಒಂದು ಮಾತ್ರೆಯಲ್ಲಿ 100 ಮಿಲಿಗ್ರಾಂ ಮೀರದೆ, ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವುದಾದರೆ ವಿನಾಯಿತಿ. ಈ ವಿನಾಯಿತಿ ಚಿಕಿತ್ಸೆಗೇ ಹೊರತು ಸಾಗಾಣಿಕೆಗಲ್ಲ. ಅಸ್ಸಾಮಿನಲ್ಲಿ ದಾಖಲೆಯಿಲ್ಲದೆ ಪೆಟ್ಟಿಗೆಗಟ್ಟಲೆ ಕೊಡೀನ್ ಸಿರಪ್ ಸಾಗಿಸಿದ ಪ್ರಕರಣದಲ್ಲಿ, ಪ್ರತಿ ಬಾಟಲಿಯಲ್ಲಿರುವುದು ಸ್ವಲ್ಪವೇ ಎಂಬ ವಾದವನ್ನು ಸುಪ್ರೀಂ ಕೋರ್ಟು 2012ರಲ್ಲಿ ಒಪ್ಪದೆ ಜಾಮೀನು ನಿರಾಕರಿಸಿತು. ಹಾಸನ, ಚನ್ನರಾಯಪಟ್ಟಣದ ಮೇಲೆ ಹಾದುಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಲಾರಿ ಓಡಿಸುವವರು ಯಾರದೋ ಪಾರ್ಸೆಲ್ ಒಯ್ಯುವಾಗ ಇದನ್ನು ಯೋಚಿಸಬೇಕು. ಮಾತ್ರೆಯ ಮಂಪರಿನಲ್ಲಿ ಗಾಡಿಯ ಹಿಡಿತ ತಪ್ಪುವಂತಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಅಡಿ ಕುಡಿದು ಓಡಿಸಿದಷ್ಟೇ ಶಿಕ್ಷೆ: ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ವಿದೇಶದಲ್ಲಿ ಮಕ್ಕಳಿರುವ ಮನೆಗಳಿಗೂ ಒಂದು ಮಾತು. ಬ್ರಿಟನ್ನಿನಲ್ಲಿ ಕಡಿಮೆ ಪ್ರಮಾಣದ ಕೊಡೀನ್–ಪ್ಯಾರಾಸಿಟಮಾಲ್ ಮಾತ್ರೆ ಫಾರ್ಮಸಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಅಲ್ಲೂ 3 ದಿನಕ್ಕಿಂತ ಹೆಚ್ಚು ನುಂಗಬೇಡಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಆಸ್ಟ್ರೇಲಿಯಾ 2018ರ ಫೆಬ್ರವರಿ 1ರಿಂದ ಚೀಟಿ ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ ಸುಲಭವಾಗಿ ಸಿಕ್ಕಿತೆಂದು ಅಪ್ಪ, ಅಮ್ಮನ ಮಂಡಿನೋವಿಗೆ ಡಬ್ಬಿಗಟ್ಟಲೆ ತಂದಿಡಬೇಡಿ. ಇಲ್ಲಿಂದ ದುಬೈಗೆ ಹೋಗುವವರು ಮುಂಚಿತವಾಗಿ ಅನುಮತಿ ಪಡೆಯದೆ ಇಂಥ ಮಾತ್ರೆ ಬ್ಯಾಗಿನಲ್ಲಿ ಇಟ್ಟುಕೊಂಡರೆ ಬಂಧನಕ್ಕೂ ಒಳಗಾಗಬಹುದು.

ನನ್ನನ್ನು ಹೆಚ್ಚು ಕಾಡುವುದು ಅಭ್ಯಾಸಕ್ಕೆ ಬಿದ್ದವರ ಸಂಗತಿ. ತಲೆನೋವಿಗೆಂದು ತಿಂಗಳಲ್ಲಿ 10 ದಿನಕ್ಕಿಂತ ಹೆಚ್ಚು ಇಂಥ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ನೋವು ಹೋದಮೇಲೂ ಮಾತ್ರೆ ಬೇಕೆನಿಸುವುದು, ಎರಡಕ್ಕೆ ಆಗುತ್ತಿದ್ದದ್ದು ನಾಲ್ಕಾಗುವುದು, ಬಿಟ್ಟ ದಿನ ಮೈ ನಡುಗಿ ಬೆವರುವುದು ಕಂಡರೆ ಅದು ಕಾಯಿಲೆ. ಮನೆಯವರು ಮುಚ್ಚಿಡುವ ಅವಮಾನದ ಸಂಗತಿಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಮಲು ವಸ್ತುಗಳ ದುರ್ಬಳಕೆಯಿಂದಾಗುವ ತೊಂದರೆಯನ್ನೂ ತನ್ನ ವ್ಯಾಪ್ತಿಗೆ ತಂದು, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಮತ್ತು ವಿವರ ಗುಟ್ಟಾಗಿರುವ ಹಕ್ಕು ಕೊಟ್ಟಿದೆ. ಮಾದಕ ದ್ರವ್ಯ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿ ಪೂರ್ತಿ ಮಾಡಿದರೆ ಅದಕ್ಕಾಗಿ ಮೊಕದ್ದಮೆ ನಡೆಸುವಂತಿಲ್ಲ. ಮಧ್ಯದಲ್ಲಿ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ 14446 ಅಥವಾ 14416ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಓದಿ ಹೆದರಿ, ಕ್ಯಾನ್ಸರಿನಂಥ ಕಾಯಿಲೆಯ ತೀವ್ರ ನೋವಿಗೆ ವೈದ್ಯರು ಬರೆದ ಔಷಧವನ್ನು ಬಚ್ಚಿಡಬೇಡಿ. ಅಂಥವರಿಗೆ ಈ ಕುಲದ ಔಷಧಗಳು ಸಿಗಲೆಂದೇ 2014ರಲ್ಲಿ ಸಂಸತ್ತು ಮಾದಕ ದ್ರವ್ಯ ಕಾಯ್ದೆಯನ್ನು ತಿದ್ದಿತು. ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಒಂದೇ ದಿನಕ್ಕೆ ನಿಲ್ಲಿಸಲೂ ಬಾರದು. ಇರುವ ಸ್ಟ್ರಿಪ್ಪುಗಳನ್ನು, ಹಳೆಯ ಚೀಟಿ, ಬಿಲ್ಲುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಎಷ್ಟು ದಿನಕ್ಕೆ ಎಷ್ಟು ಕಡಿಮೆ ಮಾಡಬೇಕೆಂದು ಅವರ ಕೈಯಲ್ಲೇ ಬರೆಸಿಕೊಳ್ಳಿ.