ಪಂಚಾಯತಿ ಕಚೇರಿಗೆ ಫೈರ್‌ವಾಲ್ ರೂಟರ್: ಖರೀದಿಗೆ ಮುನ್ನ ಸದಸ್ಯರು ತಿಳಿದಿರಬೇಕಾದ ವಿಷಯಗಳು

ಜಗಳೂರು ತಾಲ್ಲೂಕಿನ ಗ್ರಾಮ ಪಂಚಾಯತಿ ಕಚೇರಿಗಳಲ್ಲಿ ಇಂದು ಇ-ಸ್ವತ್ತು ನಮೂನೆ, ತೆರಿಗೆ ಲೆಕ್ಕ, ಕಾಮಗಾರಿ ಬಿಲ್ಲು, ಕೂಲಿ ಪಾವತಿ ಎಲ್ಲವೂ ಗಣಕಯಂತ್ರದ ಮೂಲಕವೇ ನಡೆಯುತ್ತವೆ. 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂದು ಅನುಮೋದನೆಗೊಂಡು, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಗ್ರಾಮ ಪಂಚಾಯತಿಗಳಿಗೆ 100 ಎಂಬಿಪಿಎಸ್ ಸಂಪರ್ಕದ ಗುರಿ ಹೊಂದಿದೆ. ಸಂಪರ್ಕ ಬಂದ ದಾರಿಯಲ್ಲಿಯೇ ಅಪಾಯವೂ ಬರಬಲ್ಲದು. ಆದುದರಿಂದ ಫೈರ್‌ವಾಲ್ ರೂಟರ್ ಖರೀದಿಯ ವಿಷಯವು ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಬೆಲೆಯೊಂದನ್ನೇ ನೋಡಿ ಒಪ್ಪಿಗೆ ನೀಡುವುದು ಸಾಲದು.

ಫೈರ್‌ವಾಲ್ ಮಾಡುವ ಕೆಲಸ

ಊರಿನ ಅಗಸೆ ಬಾಗಿಲಿನ ಕಾವಲುಗಾರನು ಹೊರಗೆ ಹೋದ ಊರವರು ಮರಳಿ ಬಂದಾಗ ಒಳಬಿಡುತ್ತಾನೆ. ಕರೆಯದೆ ಬಂದ ಅಪರಿಚಿತನನ್ನು ತಡೆಯುತ್ತಾನೆ. ಫೈರ್‌ವಾಲ್ ಸಹ ಹಾಗೆಯೇ. ಕಚೇರಿಯ ಗಣಕಯಂತ್ರ ಕೇಳಿದ ಮಾಹಿತಿಗೆ ಬಂದ ಉತ್ತರವನ್ನು ಒಳಬಿಟ್ಟು, ಹೊರಗಿನಿಂದ ತಾನಾಗಿ ಬರುವ ಸಂಪರ್ಕವನ್ನು ನಿಲ್ಲಿಸುತ್ತದೆ.

ಆಯ್ಕೆಯ ನಾಲ್ಕು ಪರೀಕ್ಷೆಗಳು

1. ವಿಂಗಡಣೆ: ಲೆಕ್ಕಪತ್ರದ ಗಣಕಯಂತ್ರ, ಸಿಸಿಟಿವಿ ಕ್ಯಾಮೆರಾ ಹಾಗೂ ಸಾರ್ವಜನಿಕರು ಬಳಸುವ ವೈಫೈ ಒಂದೇ ಜಾಲದಲ್ಲಿರಬಾರದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ದಾಳಿಗೆ ತುತ್ತಾಗಿ, ಹಲವು ದಿನ ಕೆಲಸವು ಕೈಬರಹದಲ್ಲಿ ನಡೆಯಿತು. ಜಾಲವನ್ನು ಸರಿಯಾಗಿ ವಿಂಗಡಿಸದಿದ್ದುದೇ ಕಾರಣವೆಂದು ಸರ್ಕಾರವು ಸಂಸತ್ತಿಗೆ ತಿಳಿಸಿತು. ಆದ್ದರಿಂದ ರೂಟರಿನಲ್ಲಿ ವಿಎಲ್ಎಎನ್ ಸೌಲಭ್ಯ, ಅಂದರೆ ಒಂದೇ ಜಾಲವನ್ನು ಬೇರೆಬೇರೆ ಭಾಗಗಳನ್ನಾಗಿ ಮಾಡುವ ಅನುಕೂಲ, ಇರತಕ್ಕದ್ದು.

2. ಭದ್ರತಾ ಅಪ್‌ಡೇಟ್: ರೂಟರ್ ಕೂಡ ಒಂದು ಸಣ್ಣ ಗಣಕಯಂತ್ರವೇ. ಅದರ ತಂತ್ರಾಂಶದಲ್ಲಿ ಕಾಲಕಾಲಕ್ಕೆ ದೋಷಗಳು ಹೊರಬೀಳುತ್ತವೆ. ತಯಾರಕರು ಎಷ್ಟು ವರ್ಷ ಅಪ್‌ಡೇಟ್ ನೀಡುತ್ತಾರೆಂಬುದನ್ನು ದರಪಟ್ಟಿಯೊಂದಿಗೆ ಲಿಖಿತವಾಗಿ ಪಡೆಯಬೇಕು. ಅಪ್‌ಡೇಟ್ ನಿಂತ ರೂಟರ್ ಬೀಗ ಸವೆದ ಬಾಗಿಲಿನಂತೆ.

3. ನೈಜ ವೇಗ: ಪೆಟ್ಟಿಗೆಯ ಮೇಲೆ ಮುದ್ರಿಸಿದ ದೊಡ್ಡ ಅಂಕಿಯು ಸಾಮಾನ್ಯವಾಗಿ ತಪಾಸಣೆಯಿಲ್ಲದ ವೇಗವಾಗಿರುತ್ತದೆ. ಎಲ್ಲ ಭದ್ರತಾ ತಪಾಸಣೆ ಚಾಲನೆಯಲ್ಲಿದ್ದಾಗ ಅದು ಬಹಳಷ್ಟು ಇಳಿಯುತ್ತದೆ. ಕಚೇರಿಯ ಸಂಪರ್ಕ 100 ಎಂಬಿಪಿಎಸ್ ಇದ್ದರೆ, ತಪಾಸಣೆಯ ವೇಗವೂ ಅದಕ್ಕಿಂತ ಕಡಿಮೆಯಿರಬಾರದು.

4. ಐದು ವರ್ಷಗಳ ವೆಚ್ಚ: ಕೆಲವು ಉಪಕರಣಗಳಿಗೆ ವಾರ್ಷಿಕ ಪರವಾನಗಿ ಶುಲ್ಕವಿರುತ್ತದೆ. ಉದಾಹರಣೆಗೆ, 25,000 ರೂ. ಬೆಲೆಯ ಉಪಕರಣಕ್ಕೆ ಮೊದಲ ವರ್ಷ ಶುಲ್ಕವಿಲ್ಲದೆ, ಎರಡನೆಯ ವರ್ಷದಿಂದ 12,000 ರೂ. ಇದ್ದರೆ, ಐದು ವರ್ಷಗಳ ಒಟ್ಟು ವೆಚ್ಚ 73,000 ರೂ. ಆಗುತ್ತದೆ. ಶುಲ್ಕ ಕಟ್ಟದಿದ್ದರೆ ಹೊಸ ಅಪಾಯಗಳನ್ನು ಗುರುತಿಸುವ ಶಕ್ತಿ ನಿಲ್ಲುತ್ತದೆ. ಪ್ರತಿ ವರ್ಷದ ಆಯವ್ಯಯದಲ್ಲಿ ಈ ಹಣವನ್ನು ಇಡಲಾಗದ ಪಂಚಾಯತಿಗೆ, ವಾರ್ಷಿಕ ಶುಲ್ಕವಿಲ್ಲದ, ವಿಂಗಡಣೆ ಹಾಗೂ ಅಪ್‌ಡೇಟ್ ಎರಡೂ ಇರುವ ಸರಳ ರೂಟರೇ ಮೇಲು.

ಅಳವಡಿಕೆಯ ದಿನ ಮಾಡಬೇಕಾದುದು

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡಿತು. ಆದುದರಿಂದ ಪಾಸ್‌ವರ್ಡನ್ನು ಅಂದೇ ಬದಲಿಸಬೇಕು. ಹೊರಗಿನಿಂದ ರೂಟರಿನ ಸೆಟ್ಟಿಂಗ್ ತೆರೆಯುವ ಸೌಲಭ್ಯವನ್ನು ಮುಚ್ಚಬೇಕು. ಮೊಬೈಲಿನಲ್ಲಿ ಕ್ಯಾಮೆರಾ ನೋಡುವ ಸಲುವಾಗಿ ಫೈರ್‌ವಾಲ್‌ನಲ್ಲಿ ಕಿಂಡಿ ತೆರೆಯಲು ಅಳವಡಿಸುವವರಿಗೆ ಅವಕಾಶ ಕೊಡಬಾರದು. ರೂಟರನ್ನು ಯುಪಿಎಸ್‌ಗೆ ಜೋಡಿಸಬೇಕು. ಹೊಸ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಅಭಿವೃದ್ಧಿ ಅಧಿಕಾರಿಯ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಸೇರಿಸಿ ವಹಿಸಿಕೊಟ್ಟು, ಬಳಿಕ ಬದಲಿಸತಕ್ಕದ್ದು.

ಫೈರ್‌ವಾಲ್‌ನ ಮಿತಿ

ಸೋಂಕಿರುವ ಪೆನ್‌ಡ್ರೈವನ್ನು ಕಚೇರಿಯವರೇ ಗಣಕಯಂತ್ರಕ್ಕೆ ಹಾಕಿದರೆ ಫೈರ್‌ವಾಲ್ ತಡೆಯಲಾರದು. ಡಿಜಿಟಲ್ ಸಹಿಯ ಕೀಲಿಯನ್ನು ದಿನವಿಡೀ ಗಣಕಯಂತ್ರದಲ್ಲೇ ಬಿಡುವುದು, ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟಂತೆ. ಕೆಲಸ ಮುಗಿದೊಡನೆ ಅದನ್ನು ತೆಗೆದಿಡಬೇಕು. ಕಡತಗಳ ಪ್ರತಿಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ಹಣ ವಂಚನೆಯ ಸುಳಿವು ಕಂಡಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

- ಸಾರ್ವಜನಿಕ ವೈಫೈ ಮತ್ತು ಲೆಕ್ಕಪತ್ರದ ಗಣಕಯಂತ್ರ ಪ್ರತ್ಯೇಕವಾಗಿವೆಯೇ?
- ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ದೊರೆಯುತ್ತದೆ?
- ಐದು ವರ್ಷಗಳ ಒಟ್ಟು ವೆಚ್ಚವೆಷ್ಟು?
- ಪಾಸ್‌ವರ್ಡ್ ಯಾರ ವಶದಲ್ಲಿದೆ? ಅಪ್‌ಡೇಟ್ ಹಾಕುವ ಹೊಣೆ ಯಾರದು?

ಕೊನೆಯ ಪ್ರಶ್ನೆಗೆ ಹುದ್ದೆಯ ಹೆಸರು ಹೇಳಿ ಉತ್ತರ ಬಾರದಿದ್ದಲ್ಲಿ ಖರೀದಿಯನ್ನು ಮುಂದಿನ ಸಭೆಗೆ ಇಡುವುದು ಲೇಸು. ನೋಡಿಕೊಳ್ಳುವವರಿಲ್ಲದ ದುಬಾರಿ ರೂಟರಿಗಿಂತ, ಹೊಣೆ ಹೊತ್ತವರಿರುವ ಸಾಧಾರಣ ರೂಟರು ಊರಿನ ದಾಖಲೆಯನ್ನು ಚೆನ್ನಾಗಿ ಕಾಯುತ್ತದೆ.