ಬರೆಯುತ್ತಿರುವಾಗಲೇ ತಿದ್ದುವ ಜೀವಕೋಶ

ದ್ವಿತೀಯ ಪಿಯುಸಿ ತರಗತಿಯಲ್ಲಿ ಟ್ರಾನ್ಸ್‌ಕ್ರಿಪ್ಷನ್ ಪಾಠ ಮುಗಿದ ಮೇಲೆ ನಾನು ಒಂದು ಪ್ರಶ್ನೆ ಕೇಳುವುದುಂಟು: ಸ್ಪ್ಲೈಸಿಂಗ್, ಕ್ಯಾಪಿಂಗ್, ಟೈಲಿಂಗ್, ಈ ಮೂರರಲ್ಲಿ ಮೊದಲು ನಡೆಯುವುದು ಯಾವುದು? ಹೆಚ್ಚಿನವರ ಉತ್ತರ ಸ್ಪ್ಲೈಸಿಂಗ್. ಪುಸ್ತಕದಲ್ಲಿ ಅದರ ಹೆಸರೇ ಮೊದಲು ಬರುತ್ತದೆ, ಹಾಗಾಗಿ ಅವರನ್ನು ದೂರುವಂತಿಲ್ಲ. ಆರ್‌ಎನ್‌ಎ ಪೂರ್ತಿ ತಯಾರಾದ ಮೇಲೆಯೇ ಈ ಕೆಲಸಗಳು ಶುರುವಾಗುತ್ತವೆ ಎಂಬ ಚಿತ್ರವೂ ಹೀಗೆಯೇ ತಲೆಯಲ್ಲಿ ಕೂತುಬಿಡುತ್ತದೆ.

ಬಸ್ಸು ಡಿಪೋ ಸೇರಲಿ ಎಂದು ಕಂಡಕ್ಟರ್ ಕಾಯುವುದಿಲ್ಲ, ಓಡುವ ಬಸ್ಸಿನಲ್ಲೇ ಟಿಕೆಟ್ ಕೊಡುತ್ತಾನೆ. ಜೀವಕೋಶದಲ್ಲೂ ಹಾಗೆಯೇ. ಆರ್‌ಎನ್‌ಎ ಪಾಲಿಮರೇಸ್ 2 ಡಿಎನ್‌ಎ ಮೇಲೆ ಸಾಗುತ್ತಿರುವಾಗಲೇ, ಹೊರಬರುತ್ತಿರುವ ಆರ್‌ಎನ್‌ಎ ಎಳೆಯ ಮೇಲೆ ತಿದ್ದುವ ಕೆಲಸ ನಡೆದಿರುತ್ತದೆ. ಎಳೆ ಸುಮಾರು 20ರಿಂದ 30 ನ್ಯೂಕ್ಲಿಯೋಟೈಡ್ ಉದ್ದವಾಗುವಷ್ಟರಲ್ಲಿ ಅದರ 5' ತುದಿಗೆ ಕ್ಯಾಪ್ ಬಿದ್ದಿರುತ್ತದೆ. ಅಂದರೆ ಮೊದಲನೆಯದು ಕ್ಯಾಪಿಂಗ್!

ಇಷ್ಟೆಲ್ಲ ಹೊಂದಾಣಿಕೆ ಹೇಗೆ? ಗುಟ್ಟು ಇರುವುದು ಪಾಲಿಮರೇಸ್‌ನ ಬಾಲದಲ್ಲಿ. ಅದರ ಅತಿ ದೊಡ್ಡ ಉಪಘಟಕದ ಕೊನೆಯಲ್ಲಿ ಏಳು ಅಮೈನೋ ಆಮ್ಲಗಳ ಒಂದು ಸರಣಿ, ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ, ಮತ್ತೆ ಮತ್ತೆ ಬರುತ್ತದೆ: ಮನುಷ್ಯರಲ್ಲಿ 52 ಬಾರಿ, ಯೀಸ್ಟ್‌ನಲ್ಲಿ 26 ಬಾರಿ. ಇದನ್ನು ಸಿಟಿಡಿ ಎನ್ನುತ್ತಾರೆ. ಪ್ರಯಾಣದ ಆರಂಭದಲ್ಲಿ ಈ ಸರಣಿಯ 5ನೇ ಸ್ಥಾನದ ಸೆರೀನ್‌ಗೆ ಫಾಸ್ಫೇಟ್ ಅಂಟುತ್ತದೆ. ಆಗ ಕ್ಯಾಪ್ ಹಾಕುವ ಕಿಣ್ವಗಳು ಬಂದು ಬಾಲವನ್ನು ಹಿಡಿದುಕೊಳ್ಳುತ್ತವೆ. ಮುಂದೆ ಸಾಗಿದಂತೆ 2ನೇ ಸ್ಥಾನದ ಸೆರೀನ್‌ನಲ್ಲಿ ಫಾಸ್ಫೇಟ್ ಹೆಚ್ಚುತ್ತದೆ. ಆಗ 3' ತುದಿಯನ್ನು ಕತ್ತರಿಸಿ ಅಡೆನಿನ್ ಬಾಲ ಜೋಡಿಸುವ ಪ್ರೋಟೀನುಗಳ ಸರದಿ. 1997ರಲ್ಲಿ ವಿಜ್ಞಾನಿಗಳು ಈ ಸಿಟಿಡಿಯನ್ನೇ ಮೊಟಕುಗೊಳಿಸಿ ನೋಡಿದರು. ಕ್ಯಾಪಿಂಗ್, ಸ್ಪ್ಲೈಸಿಂಗ್, 3' ತುದಿಯ ಕತ್ತರಿಸುವಿಕೆ ಮೂರೂ ಕುಂಟಿದವು.

ಕಾಯುತ್ತ ಕೂತರೆ ಏನಾದೀತು ಎಂದು ತಿಳಿಯಲು ಡಿಸ್ಟ್ರೋಫಿನ್ ಜೀನನ್ನು ನೋಡಿ. ಅದು 20 ಲಕ್ಷಕ್ಕೂ ಹೆಚ್ಚು ಬೇಸ್ ಜೋಡಿಗಳಷ್ಟು ಉದ್ದ. ಒಂದು ಸಲ ಓದಿ ಮುಗಿಸಲು ಸುಮಾರು 16 ಗಂಟೆ ಬೇಕು. ಪಾಲಿಮರೇಸ್ ಇನ್ನೂ ದಾರಿಯಲ್ಲಿರುವಾಗಲೇ ಆರಂಭದ ಇಂಟ್ರಾನ್‌ಗಳು ಕತ್ತರಿಸಿ ಹೋಗಿರುತ್ತವೆ. ವೇಗಕ್ಕೂ ಇಲ್ಲಿ ಬೆಲೆಯಿದೆ. ಪಾಲಿಮರೇಸ್ ನಿಧಾನವಾಗಿ ಸಾಗಿದರೆ, ಸುಲಭವಾಗಿ ಗುರುತು ಸಿಗದ ಕೆಲವು ಎಕ್ಸಾನ್‌ಗಳೂ ಎಂಆರ್‌ಎನ್‌ಎಯಲ್ಲಿ ಸೇರಿಕೊಳ್ಳುತ್ತವೆ.

(ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ನೋಟ್ಸಿನಲ್ಲಿ ಮಾತ್ರ ಆರ್‌ಎನ್‌ಎಯನ್ನು ಪಾಲಿಮರೇಸ್‌ಗೆ ಅಂಟಿಕೊಂಡಂತೆ ಚಿತ್ರಿಸಿ.)

ಈ ಕತ್ತರಿ ಗುರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಸಿಲೆಬಸ್‌ನಲ್ಲೇ ಇರುವ ಥಲಸ್ಸೇಮಿಯಾ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾಕ್ಕೆ ಅತಿ ಹೆಚ್ಚಾಗಿ ಕಾಣಸಿಗುವ ಮ್ಯುಟೇಷನ್ ಎಕ್ಸಾನಿನಲ್ಲಿಲ್ಲ. ಬೀಟಾ ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ 5ನೇ ಅಕ್ಷರ ‘ಜಿ’ ಇರಬೇಕಾದಲ್ಲಿ ‘ಸಿ’ ಆಗಿರುತ್ತದೆ, ಅಷ್ಟೇ. ಅದರಿಂದ ಸ್ಪ್ಲೈಸಿಂಗ್ ಬಹುಪಾಲು ತಪ್ಪು ಜಾಗದಲ್ಲಿ ನಡೆದು, ಸರಿಯಾದ ಎಂಆರ್‌ಎನ್‌ಎ ತೀರಾ ಕಡಿಮೆ ಸಿಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ಅಕ್ಷರವೇ ಬಂದ ಮಗುವಿಗೆ ಸಾಮಾನ್ಯವಾಗಿ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕಾಗುತ್ತದೆ.